ಬಾಡಿಗಿನೂ ಇಲ್ಲ, ಫೋನೂ ಇಲ್ಲ: ಕೀಲಿ ಜಡಿಯೂಕಿಂತ ಮೊದ್ಲ ಇಷ್ಟ ಮಾಡ್ರಿ

ಕಲಬುರಗಿ ಸೇಡಂ ರೋಡ್ ಕಡಿ ನಮ್ಮ ಮ್ಯಾಲಿನ ಮನಿ ಬಾಡಿಗಿ ಕೊಟ್ಟಿದ್ದೆವು ನೋಡ್ರಿ, 3 ತಿಂಗಳು ರೊಕ್ಕ ಇಲ್ಲ, ಫೋನ್ ಹಚ್ಚಿದ್ರ ಎತ್ತಂಗಿಲ್ಲ, ವಾಟ್ಸಾಪ್‌ನಾಗ ನೀಲಿ ಟಿಕ್ ಬೀಳ್ತದ ಆದ್ರ ಉತ್ತರ ಇಲ್ಲ. ನಮ್ಮ ಕಾಕಾ ಅಂತೂ "ನಿಂದೊಂದು ಕೀಲಿ ಜಡಿ, ತಾನೇ ಓಡಿ ಬರ್ತಾನ" ಅಂದ್ರು. ಬ್ಯಾಡ್ರಿ. ಕೀಲಿ ಹಾಕಿದ್ರ ಅಂವ 6 ತಿಂಗಳೊಳಗ ಕೋರ್ಟಿಗಿ ಹೋಗಿ ವಾಪಸ್ ಒಳಗ ಬರಬಹುದು, ಬಾಕಿ ಇತ್ತು ಅನ್ನೋ ಮಾತು ಅಲ್ಲಿ ನಡ್ಯಂಗಿಲ್ಲ. ನೀರು, ಕರೆಂಟ್ ಕಟ್ ಮಾಡೂದೂ ಬ್ಯಾಡ್ರಿ.

ಮೊದ್ಲ ಅಂವ ಒಳಗ ಅದಾನೋ ಇಲ್ಲೋ ತಿಳ್ಕೋರಿ. ನಾ ಜೆಸ್ಕಾಂ ಮೀಟರ್ ಫೋಟೊ ತೆಗೆದೆ, 4 ದಿನ ಬಿಟ್ಟು ಮತ್ತ ತೆಗೆದೆ. ಮೇ ತಿಂಗಳು, ನಮ್ಮ ಬಿಸಲಾಗ ಕೂಲರ್ ಇಲ್ದೆ ಯಾರಿರ್ತಾರ? 11 ಯುನಿಟ್ ಓಡಿತ್ತು. ಅಂದ್ರ ಸಾಹೇಬ್ರು ರಾತ್ರಿ ಬಂದು ಬೆಳಕಾಗೂದ್ರಾಗ ಹೋಗ್ತಿದ್ರು.

ಆಮ್ಯಾಲ ಕಾಗದ. ಅಗ್ರಿಮೆಂಟ್, ಫೋನ್‌ಪೇ ಹಿಸ್ಟರಿ, ಯಾವ ತಿಂಗಳು ಎಷ್ಟು ಬಾಕಿ ಅಂತ ಒಂದೇ ಹಾಳಿ. ಬಾಡಿಗಿ 3500 ದಾಟಿದ್ರ 1999ರ ಬಾಡಿಗೆ ಕಾಯ್ದೆ ಹತ್ತಂಗಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಬರ್ತದ. 11 ತಿಂಗಳ ಅಗ್ರಿಮೆಂಟ್ ಮುಗಿದು ಹಂಗೇ ತಿಂಗಳ ಲೆಕ್ಕದಾಗ ಇದ್ದಂವಗ 106ನೇ ಕಲಂ ಪ್ರಕಾರ ಮನಿ ಖಾಲಿ ಮಾಡು ಅಂತ 15 ದಿನದ ನೋಟಿಸ್ ಕೊಡಬೇಕು. ಅಗ್ರಿಮೆಂಟ್ ಇನ್ನೂ ಚಾಲ್ತಿ ಇದ್ರ ಅದ್ರಾಗ ಏನ್ ಬರದದ ಅದನ್ನ ಮೊದ್ಲ ಓದ್ರಿ. ನೋಟಿಸ್ ವಕೀಲರ ಕೈಲೇ ಬರೆಸ್ರಿ, ಪೋಸ್ಟಿನಾಗ ಕಳಿಸ್ರಿ. ನಮ್ಮದು "ಬಾಗಿಲು ಹಾಕಿದೆ" ಅಂತ ವಾಪಸ್ ಬಂತು, ಆ ಲಕೋಟಿ ಒಡಿಲಿಲ್ಲ, ಹಂಗೇ ಎತ್ತಿಟ್ಟೆ, ಅದೂ ಒಂದು ಸಾಕ್ಷಿನೇ. ಕೈಗಿ ಮುಟ್ಟಸಲಾಕ ಆಗ್ಲಿಲ್ಲಂದ್ರ ಬಾಗಿಲಿಗಿ ಅಂಟಿಸಿದ್ರೂ ನಡೀತದ, ಬಾಜೂ ಮನಿಯವರನ್ನ ನಿಲ್ಲಿಸಿ ಫೋಟೊ ತೆಗೀರಿ.

ಇಲ್ಲೇ ಭಾಳ ಮಂದಿ ಎಡವ್ತಾರ. ನೋಟಿಸ್ ಹೋದ ಮ್ಯಾಲ ಅಂವ ಅರ್ಧ ರೊಕ್ಕ ಹಾಕಿ "ಮುಂದಿನ ತಿಂಗಳು ಪಕ್ಕಾ ಅಣ್ಣಾ" ಅಂತಾನ, ನಾವು ಖುಷಿಲೇ ಸುಮ್ನಾಗ್ತೀವಿ. ಮುಂದಿನ ಬಾಡಿಗಿ ಅಂತ ತಗೊಂಡ್ರ ನೋಟಿಸ್ ಬಿಟ್ಟುಕೊಟ್ಟಂಗ ಆಗಬಹುದು. ಹಳೆ ಬಾಕಿಗಿ ಜಮಾ, ನೋಟಿಸ್ ಹಂಗೇ ಅದ ಅಂತ ಅವತ್ತೇ ಬರದು ಕಳಿಸ್ರಿ.

15 ದಿನ ಆದ್ರೂ ಬಿಡ್ಲಿಲ್ಲಂದ್ರ ಸಿವಿಲ್ ಕೋರ್ಟ್. ಬಾಕಿ ಕೇಳಲಾಕ 3 ವರ್ಷ ಟೈಮ್ ಅದ, ಆದ್ರ ಡಿಪಾಸಿಟ್ ಕರಗೂ ತನಕ ಕಾಯಬ್ಯಾಡ್ರಿ, ಎರಡನೇ ತಿಂಗಳಿಗೇ ವಕೀಲರ ಹಂತ್ಯಾಕ ಹೋಗ್ರಿ. ನಮ್ಮಂವ ಕೋರ್ಟ್ ತನಕ ಹೋಗಲಿಲ್ಲ, ಒಂದಿನ ಟಂಟಂನಾಗ ಸಾಮಾನು ಹೇರ್ಕೊಂಡು ಹೋದ, ಕೀಲಿ ಮಾತ್ರ ಕೆಳಗ ಕಿರಾಣಿ ಅಂಗಡ್ಯಾಗ ಕೊಟ್ಟಿದ್ದ.