ಕರಡಿಗೆಯ ಸದ್ದು: ಇಬ್ಬರೇ ಸೇರಿ ಸಂದರ್ಶನ ಚಿತ್ರೀಕರಿಸಿದ ನನ್ನ ಅನುಭವ

ಇಳಕಲ್ಲಿನ ಹಿರಿಯ ನೇಕಾರರೊಬ್ಬರ ಸಂದರ್ಶನವನ್ನು ಚಿತ್ರೀಕರಿಸಲು ನಾನೂ ನನ್ನ ಸ್ನೇಹಿತನೂ ಹೋಗಿದ್ದೆವು. ಒಂದು ಕ್ಯಾಮೆರಾ, ಒಂದು ಎಲ್‌ಇಡಿ ದೀಪ, ಒಂದು ಕಾಲರ್ ಮೈಕ್, ಒಂದು ಥರ್ಮಾಕೋಲ್ ಹಾಳೆ, ಇಷ್ಟೇ ನಮ್ಮ ಸರಂಜಾಮು. ಬೆಳಕು, ಧ್ವನಿ, ಮಾತು ಮೂರನ್ನೂ ಇಬ್ಬರೇ ಏಕಕಾಲಕ್ಕೆ ನೋಡಿಕೊಳ್ಳಲಾಗದೆಂದು ತಿಳಿದಿದ್ದರೂ, ಅಗತ್ಯ ಬಿದ್ದರೆ ಯಾವುದನ್ನು ಬಿಟ್ಟುಕೊಡಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದೆ ಹೋದದ್ದು ನನ್ನ ತಪ್ಪು.

ಮೊದಲ ದಿನ ಬೆಳಕಿಗೆ ಮರುಳಾಗಿ ಅವರನ್ನು ಕಿಟಕಿಯ ಬಳಿ ಕೂರಿಸಿದೆ. ಸೀರೆಯ ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಬೆಸೆಯುವುದನ್ನು ತಾವು ಕಲಿತ ಬಗೆಯನ್ನು ಅವರು ಕೈಯಾಡಿಸುತ್ತ ಹೇಳುತ್ತಿದ್ದಾಗ ಬಿಸಿಲು ಸರಿದು ಅರ್ಧ ಮುಖ ಕಪ್ಪಾಯಿತು. 'ಒಂದು ನಿಮಿಷ, ಅಜ್ಜಾರ' ಎಂದು ಎದ್ದು ದೀಪ ಸರಿಸಿದೆ. ಮತ್ತೆ ಕೇಳಿದಾಗ, 'ಆಗಳೇ ಹೇಳಿದ್ನೆಲ್ಲೋ ತಮ್ಮಾ' ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಅವರು ಕೈಯೆತ್ತಿದಾಗಲೆಲ್ಲ ಎದೆಯ ಮೇಲಿನ, ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಮೈಕಿಗೆ ತಗುಲಿ ಟಕ್ ಟಕ್ ಎಂದಿತ್ತು. ಚಿತ್ರೀಕರಣದ ಹೊತ್ತಿನಲ್ಲಿ ನಾವಿಬ್ಬರೂ ಪರದೆಯನ್ನೇ ನೋಡುತ್ತ ಕುಳಿತಿದ್ದೆವು.

ಮರುದಿನ ಮೊದಲು ಧ್ವನಿಗೆ ತಕ್ಕ ಜಾಗ ಹುಡುಕಿದೆವು. ಪಕ್ಕದ ಮನೆಯ ಪವರ್‌ಲೂಮ್ ಊಟಕ್ಕೆಂದು ನಿಲ್ಲುವ ಹೊತ್ತನ್ನು ವಿಚಾರಿಸಿಕೊಂಡು, ಹಿಂದಿನ ಕೋಣೆಯಲ್ಲಿ ಫ್ಯಾನ್ ಆರಿಸಿ, ಗೋಡೆಗಳಿಂದ ಮಾತು ಮರುದನಿಸದಂತೆ ಕ್ಯಾಮೆರಾದ ಹಿಂದೆ ಮನೆಯವರ ಎರಡು ಕೌದಿಗಳನ್ನು ಇಳಿಬಿಟ್ಟೆವು. ಕರಡಿಗೆಯನ್ನು ತೆಗೆದಿಡಿ ಎಂದು ಕೇಳುವಂತಿರಲಿಲ್ಲ, ಕೇಳಲೂಬಾರದು. ಆದ್ದರಿಂದ ಮೈಕನ್ನೇ ಗದ್ದದಿಂದ ಒಂದು ಗೇಣು ಕೆಳಗೆ, ಕರಡಿಗೆಯ ದಾರ ತಾಗದಷ್ಟು ಬಲಕ್ಕೆ ಸಿಕ್ಕಿಸಿ, ಅದರ ತಂತಿಯನ್ನು ಅಂಗಿಯ ಒಳಗೆ ಟೇಪಿನಿಂದ ಅಂಟಿಸಿದೆ. ಸ್ನೇಹಿತನಿಗೆ ಒಂದೇ ಕೆಲಸ ಕೊಟ್ಟೆ: ಹೆಡ್‌ಫೋನ್ ಹಾಕಿಕೊಂಡು, ಧ್ವನಿ ಒಡೆಯದಂತೆ ಅದರ ಏರು ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು.

ಬೆಳಕಿಗೆ ನೇರ ಬಿಸಿಲು ಬೀಳದ ಹಿತ್ತಿಲ ಬಾಗಿಲೇ ಸಾಕಾಯಿತು. ಹಗಲ ಬೆಳಕಿನೊಂದಿಗೆ ಬೆರೆತು ಮುಖಕ್ಕೆ ಹಸಿರು ಛಾಯೆ ತರುತ್ತಿದ್ದ ಟ್ಯೂಬ್‌ಲೈಟನ್ನು ಆರಿಸಿ, ಬೆಳಕು ಮುಖಕ್ಕೆ ಮರಳಲೆಂದು ನೆರಳಿನ ಕಡೆಗೆ ಥರ್ಮಾಕೋಲ್ ನಿಲ್ಲಿಸಿದೆವು. ಹಿನ್ನೆಲೆಯಲ್ಲಿ ದೇವರ ಗೂಡಿನ ವಿದ್ಯುದ್ದೀಪವೊಂದು ಉರಿಯುತ್ತಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದಾದ್ದರಿಂದ ಅದು ಮಿನುಗದಿರಲೆಂದು ಷಟರನ್ನು 1/50 ಸೆಕೆಂಡಿಗೆ ಇಟ್ಟೆ. ಕ್ಯಾಮೆರಾ ಎಷ್ಟು ಬೆಳಕು ಹಿಡಿಯಬೇಕೆಂಬ ಎಕ್ಸ್‌ಪೋಷರ್ ಅನ್ನು ಕೈಯಾರೆ ಹೊಂದಿಸಿ, ಮತ್ತೆ ಮುಟ್ಟಲಿಲ್ಲ.

ಪ್ರಶ್ನೆಗಳ ಹಾಳೆಯನ್ನು ಚೀಲದಲ್ಲೇ ಬಿಟ್ಟು, ಲೆನ್ಸಿನ ಪಕ್ಕದಲ್ಲಿ ಅವರ ಕಣ್ಣಿನ ಎತ್ತರಕ್ಕೆ ಕುಳಿತೆ. ಕೊಂಡಿಯ ಮಾತನ್ನು ನಾನು ಕೇಳಲೇ ಇಲ್ಲ. ತಾಯಿಯ ಬಗ್ಗೆ ಕೇಳಿದೆ. ಅಲ್ಲಿಂದ ಅವರೇ ಮಗ್ಗದ ಬಳಿಗೆ ಬಂದರು. ನಡುವೆ ಮೋಡ ಕವಿದು ಕೋಣೆ ಮಂಕಾಯಿತು. ಸ್ನೇಹಿತ ನನ್ನತ್ತ ನೋಡಿದ, ನಾನು ಏಳಲಿಲ್ಲ.

ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕುಳಿತು 30 ಸೆಕೆಂಡು ಕೋಣೆಯ ನಿಶ್ಶಬ್ದವನ್ನು ಮುದ್ರಿಸಿಕೊಂಡೆವು. ಸಂಕಲನದಲ್ಲಿ ಮಾತಿನ ತುಂಡುಗಳನ್ನು ಹೊಲಿಯಲು ಅದು ಬೇಕೇ ಬೇಕು. ಆಮೇಲಷ್ಟೇ ಅಜ್ಜಾರನ್ನು ಮಗ್ಗಕ್ಕೆ ಕೂರಿಸಿ, ಕೊಂಡಿ ಹಾಕುವ ಬೆರಳುಗಳನ್ನೂ ಲಾಳಿಯ ಓಟವನ್ನೂ ಹತ್ತಿರದಿಂದ ಚಿತ್ರೀಕರಿಸಿದೆ. ಮೋಡ ಕವಿದ ಆ ನಾಲ್ಕು ನಿಮಿಷಗಳಿಗೆ ಅವನ್ನು ಹೊದಿಸೋಣ ಎಂದುಕೊಂಡಿದ್ದೆನಾದರೂ, ಸಂಕಲನಕ್ಕೆ ಕುಳಿತಾಗ ಮಂಕಾದ ಮುಖವನ್ನೇ ಇಟ್ಟುಕೊಂಡೆ.