ಮಗು ತೂಕ, ಉದ್ದ ಸರಿಯಾಗಿ ಬೆಳೀತಿದ್ಯಾ ಅಂತ ನೋಡೋದು ಹೇಗೆ

ಹುಟ್ಟಿದಾಗ 3 ಕೆಜಿ ಇದ್ದ ಮಗು ನಾಲ್ಕನೇ ದಿನ ತೂಗಿದ್ರೆ 2 ಕೆಜಿ 800 ಗ್ರಾಂ ಅಂತ ತೋರಿಸತ್ತೆ, ಅಷ್ಟು ನೋಡಿದ ತಕ್ಷಣ ತಾಯಿಗೆ ನನ್ನ ಹಾಲು ಸಾಲ್ತಿಲ್ವೇನೋ ಅಂತ ಅಳು ಬಂದುಬಿಡತ್ತೆ. ದಯವಿಟ್ಟು ಹೆದರ್ಕೋಬೇಡಿ. ಹುಟ್ಟಿದ ಮಗು ಮೈಯಲ್ಲಿ ಹೆಚ್ಚಿಗೆ ಇರೋ ನೀರು ಮೊದಲ ದಿನಗಳಲ್ಲಿ ಹೋಗತ್ತೆ, ಹೊಟ್ಟೆಯಲ್ಲಿದ್ದ ಕಪ್ಪು ಮಲ ಹೋಗತ್ತೆ, ಹಾಲು ಆಗ ಇನ್ನೂ ಸ್ವಲ್ಪ ಸ್ವಲ್ಪನೇ ಇಳೀತಿರತ್ತೆ, ಹಾಗಾಗಿ ಹುಟ್ಟಿದ ತೂಕದಲ್ಲಿ ನೂರಕ್ಕೆ 7ರಷ್ಟು ಕಮ್ಮಿ ಆಗೋದು ಮಾಮೂಲಿ. 10ರ ಹತ್ರ ಹೋದ್ರೆ ಮಾತ್ರ ಮಗು ಹಾಲು ಹೇಗೆ ಕುಡೀತಿದೆ ಅಂತ ಡಾಕ್ಟರೋ ನರ್ಸೋ ಪಕ್ಕದಲ್ಲಿ ಕೂತು ನೋಡ್ಬೇಕು. ಜಾಸ್ತಿ ಮಕ್ಕಳು 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ತಾರೆ.

ಅಲ್ಲಿಂದಾಚೆ ಬೆಳವಣಿಗೆ ಜೋರು. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ, ಆಮೇಲಿನ ಮೂರು ತಿಂಗಳು ದಿನಕ್ಕೆ 15-20 ಗ್ರಾಂ, ಆರು ತಿಂಗಳಾದ್ಮೇಲೆ ಇನ್ನೂ ನಿಧಾನ. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಅಂತ ಒಂದು ಅಂದಾಜು ಇಟ್ಕೊಳ್ಳಿ. ಉದ್ದ ಹುಟ್ಟುವಾಗ 50 ಸೆಂ.ಮೀ. ಹತ್ರ ಇರತ್ತೆ, ಒಂದು ವರ್ಷಕ್ಕೆ ಅದು 75ರ ಹತ್ರ ಬರತ್ತೆ. ಈ ನಿಧಾನ ಆಗೋ ಹಂತದಲ್ಲೇ ತುಂಬಾ ಜನ ಗಾಬರಿ ಆಗೋದು, ಮೊದಲು ತಿಂಗಳಿಗೆ ಮುಕ್ಕಾಲು ಕೆಜಿ ಬರ್ತಿತ್ತು ಈಗ ಅರ್ಧ ಕೆಜಿನೂ ಬರ್ತಿಲ್ಲ ಅಂತ, ಆದ್ರೆ ಎಲ್ಲಾ ಮಕ್ಕಳೂ ಹಾಗೇ ಬೆಳೆಯೋದು.

ಇನ್ನು ಅಳತೆ ವಿಷ್ಯ. ಇಲ್ಲಿ ತಪ್ಪಾದ್ರೆ ಮುಂದಿನದೆಲ್ಲ ತಪ್ಪು ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ನನ್ನ ಮಗಳಿಗೆ ಎರಡು ತಿಂಗಳಿದ್ದಾಗ ಒಂದು ಕಡೆ ಬಟ್ಟೆ, ಒದ್ದೆ ಡೈಪರ್ ಸಮೇತ ತೂಗಿದ್ರು, ಒಂದು ವಾರ ಆದ್ಮೇಲೆ ಇನ್ನೊಂದು ಕಡೆ ಬೇರೆ ಮಷಿನಲ್ಲಿ ಬರೀ ಮೈಯಲ್ಲಿ ತೂಗಿದ್ರು, 250 ಗ್ರಾಂ ಕಮ್ಮಿ ಬಂತು. ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ ನಾನು. ಮಗು ತೂಕ ಇಳಿದಿರ್ಲೇ ಇಲ್ಲ, ಬಟ್ಟೆ ತೂಕ ಇಳಿದಿತ್ತು ಅಷ್ಟೇ. ಹಾಗಾಗಿ ಯಾವಾಗ್ಲೂ ಅದೇ ಮಷಿನ್, ಬಟ್ಟೆ ಡೈಪರ್ ಎರಡೂ ತೆಗೆದು, ಆದಷ್ಟು ಹಾಲು ಕುಡಿಸೋಕೆ ಮುಂಚೆ. ಒಂದು ಸಲ ಹಾಲು ಕುಡಿದ್ರೆ 100 ಗ್ರಾಂ ವ್ಯತ್ಯಾಸ ಆಗಿಬಿಡಬಹುದು. ದೊಡ್ಡೋರು ನಿಲ್ಲೋ ಮಷಿನ್ ಮೇಲೆ ಮಗು ಎತ್ಕೊಂಡು ನಿಂತು ನಿಮ್ಮ ತೂಕ ಕಳೆಯೋ ಲೆಕ್ಕ ಚಿಕ್ಕ ಮಗುಗೆ ಬೇಡ, ಆ ಮಷಿನ್ ಅಷ್ಟು ಸೂಕ್ಷ್ಮವಾಗಿ ತೋರಿಸಲ್ಲ.

ಉದ್ದ ಅಳೆಯೋದು ಇನ್ನೂ ಕಷ್ಟ. ಎರಡು ವರ್ಷದ ತನಕ ಮಲಗಿಸೇ ಅಳೀಬೇಕು, ಒಬ್ಬರಿಂದ ಆಗಲ್ಲ. ಗಟ್ಟಿ ಸಮತಟ್ಟಾದ ಜಾಗದಲ್ಲಿ ಮಲಗಿಸಿ ಒಬ್ಬರು ತಲೆ ನೇರವಾಗಿ ಹಿಡಿದು ನೆತ್ತಿಯನ್ನ ಹಲಗೆಗೆ ತಾಗಿಸ್ಬೇಕು, ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ ಕಾಲು ಚಾಚಿಸಿ ಪಾದ ನೆಟ್ಟಗೆ ಇಟ್ಟು ಹಿಮ್ಮಡಿ ತಾಗೋ ಜಾಗ ನೋಡ್ಬೇಕು. ಮಗು ಒದ್ದಾಡಿದ್ರೆ ಒಂದು ಎರಡು ಸೆಂ.ಮೀ. ಹೆಚ್ಚು ಕಮ್ಮಿ ಆಗೇ ಆಗತ್ತೆ, ಹೋದ ತಿಂಗಳಿಗಿಂತ ಉದ್ದ ಕಮ್ಮಿ ಬಂತು ಅಂದ್ರೆ ಅದು ಅಳತೆ ತಪ್ಪು, ಮಗು ಕುಗ್ಗಲ್ಲ. ಡಾಕ್ಟರ್ ಹತ್ರ ತಲೆ ಸುತ್ತಳತೆನೂ ಅಳೆಸಿ, ಅದು ಮರೆತುಹೋಗತ್ತೆ ತುಂಬಾ ಸಲ.

ದಿನಾ ತೂಗೋದು ಬೇಡವೇ ಬೇಡ. ಮೊದಲ ಕೆಲವು ವಾರ ದಾಟಿ ಎಲ್ಲಾ ಚೆನ್ನಾಗಿದ್ರೆ ಆರು ತಿಂಗಳ ತನಕ ತಿಂಗಳಿಗೊಂದು ಸಲ ಸಾಕು.

ಬಂದ ನಂಬರನ್ನ ಏನು ಮಾಡ್ಬೇಕು ಅಂದ್ರೆ, ಚಾರ್ಟಲ್ಲಿ ಚುಕ್ಕೆ ಇಡ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಚಾರ್ಟ್ ಎಷ್ಟೋ ದೇಶಗಳಲ್ಲಿ ಬಳಸ್ತಾರೆ, ಆರು ದೇಶಗಳಲ್ಲಿ ಎದೆಹಾಲು ಕುಡಿದು ಆರೋಗ್ಯವಾಗಿ ಬೆಳೆದ ಮಕ್ಕಳನ್ನ ಅಳೆದು ಮಾಡಿದ್ದು ಅದು, ಗಂಡು ಹೆಣ್ಣಿಗೆ ಬೇರೆ ಬೇರೆ ಇದೆ. ಅದರಲ್ಲಿ ನಡುಗೆರೆ ಪ್ರಕಾರ ಮೂರು ತಿಂಗಳಿಗೆ ಗಂಡು 6.4 ಕೆಜಿ ಹೆಣ್ಣು 5.8, ಆರು ತಿಂಗಳಿಗೆ 7.9 ಮತ್ತು 7.3, ವರ್ಷಕ್ಕೆ 9.6 ಮತ್ತು 8.9. ಇದನ್ನ ಪಾಸ್ ಮಾರ್ಕ್ಸ್ ಅಂದ್ಕೋಬೇಡಿ ಪ್ಲೀಸ್. ನಡುಗೆರೆ ಅಂದ್ರೆ ಅರ್ಧ ಮಕ್ಕಳು ಅದಕ್ಕಿಂತ ಕೆಳಗೇ ಇರ್ತಾರೆ, ಅವರೂ ಆರೋಗ್ಯವಂತ ಮಕ್ಕಳೇ. 15ನೇ ಪರ್ಸೆಂಟೈಲ್ ಅಂದ್ರೆ ಅದೇ ವಯಸ್ಸಿನ 100 ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ 15 ಜನ ನಿಮ್ಮ ಮಗುಗಿಂತ ಕಮ್ಮಿ, ಮಿಕ್ಕೋರು ಜಾಸ್ತಿ ಅಂತ, ಅಷ್ಟೇ. ಅಪ್ಪ ಅಮ್ಮ ಸಣ್ಣ ಮೈಕಟ್ಟಿನೋರಾದ್ರೆ ಮಗು ಕೆಳಗಿನ ಗೆರೆ ಹಿಡಿದು ಹೋಗೋದ್ರಲ್ಲಿ ಆಶ್ಚರ್ಯ ಇಲ್ಲ. ನೋಡ್ಬೇಕಾಗಿದ್ದು ಚುಕ್ಕೆಗಳು ಸೇರಿ ಆಗೋ ಗೆರೆ ಯಾವ ಕಡೆ ಹೋಗ್ತಿದೆ ಅನ್ನೋದನ್ನ, ಪಕ್ಕದ ಮನೆ ಮಗುವನ್ನಲ್ಲ.

ಅವಧಿಗೆ ಮುಂಚೆ ಹುಟ್ಟಿದ ಮಗು ಆದ್ರೆ ಲೆಕ್ಕ ಬೇರೆ. 32 ವಾರಕ್ಕೆ ಹುಟ್ಟಿದೆ ಅಂದ್ರೆ 40ಕ್ಕೆ 8 ವಾರ ಕಮ್ಮಿ, ಹಾಗಾಗಿ ನಾಲ್ಕು ತಿಂಗಳಾದಾಗ ಚಾರ್ಟಲ್ಲಿ ಸುಮಾರು ಎರಡು ತಿಂಗಳು ಅಂತ ನೋಡ್ಬೇಕು, ಇದನ್ನ ಎರಡು ವರ್ಷದ ತನಕ ಮಾಡ್ತಾರೆ.

ಎರಡು ತೂಕದ ನಡುವೆ ಹಾಲು ಸಾಲ್ತಿದ್ಯಾ ಅಂತ ತಿಳ್ಕೊಳ್ಳೋಕೆ ಡೈಪರ್ ನೋಡಿ, ಐದನೇ ದಿನ ಆದ್ಮೇಲೆ 24 ಗಂಟೆಗೆ ಆರಾದ್ರೂ ಚೆನ್ನಾಗಿ ಒದ್ದೆ ಆಗ್ಬೇಕು. ತೂಕ ಬರ್ಲಿ ಅಂತ ಆರು ತಿಂಗಳಿಗೆ ಮುಂಚೆ ನೀರು ಕೊಡೋದು, ಫಾರ್ಮುಲಾ ಕೊಡೋರು ಅದನ್ನ ಅಳತೆ ಬಿಟ್ಟು ಗಟ್ಟಿ ಅಥವಾ ತೆಳು ಮಾಡೋದು, ಎರಡೂ ಅಪಾಯ.

ಕಾಯದೆ ಡಾಕ್ಟರ್ ಹತ್ರ ಹೋಗ್ಬೇಕಾಗಿದ್ದು ಯಾವಾಗ ಅಂದ್ರೆ ಎರಡು ವಾರ ಆದ್ರೂ ಹುಟ್ಟಿದ ತೂಕಕ್ಕೆ ಬಂದಿಲ್ಲ, ಚಾರ್ಟಲ್ಲಿ ಎರಡು ದೊಡ್ಡ ಗೆರೆ ದಾಟಿ ಕೆಳಗೆ ಬಂದಿದೆ, ಅಥವಾ ತೂಕ ಏರದೆ ಹಾಗೇ ನಿಂತಿದೆ ಅಂದಾಗ. ಹಾಲಿಗೂ ಏಳಿಸೋಕಾಗದಷ್ಟು ಮಂಪರು, ಉಚ್ಚೆ ತುಂಬಾ ಕಮ್ಮಿ, ಬಾಯಿ ಒಣಗಿರೋದು, ನೆತ್ತಿ ಗುಳಿ ಬಿದ್ದಿರೋದು ಕಂಡ್ರೆ ತೂಕ ಎಷ್ಟಿದೆ ಅಂತ ನೋಡ್ತಾ ಕೂರದೆ ಆಗ್ಲೇ ಹೊರಡಿ, ರಾತ್ರಿ ಆಗಿದ್ರೂ ಸರಿ.