ಸಯಾಟಿಕಾಕ್ಕೆ ಟ್ರ್ಯಾಕ್ಷನ್: ಯಾರಿಗೆ ಹಾಕುತ್ತೇನೆ, ಯಾವಾಗ ನಿಲ್ಲಿಸುತ್ತೇನೆ

ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿ ಕಾಲಿಗೆ ಸೆಳೆತ, ಅಂದರೆ ಸಯಾಟಿಕಾ, ಶುರುವಾದವರಲ್ಲಿ ಅನೇಕರು ನನ್ನ ಬಳಿ ಬರುವಾಗಲೇ ‘ಟ್ರ್ಯಾಕ್ಷನ್ ಹಾಕಿಬಿಡಿ’ ಎಂದು ಕೇಳುತ್ತಾರೆ. ಫಿಸಿಯೊಥೆರಪಿಸ್ಟ್ ಆಗಿ ನಾನು, ಬೆಲ್ಟು ಕಟ್ಟಿ ಸೊಂಟವನ್ನು ಎಳೆಯುವ ಈ ಚಿಕಿತ್ಸೆಯನ್ನು ಎಲ್ಲರಿಗೂ ಹಾಕುವುದಿಲ್ಲ. ಹಾಕಿದವರಿಗೂ ಅದೊಂದರಿಂದಲೇ ಗುಣವಾಗುತ್ತದೆಂದು ಹೇಳುವುದಿಲ್ಲ.

ಮೊದಲು ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ, ಎಷ್ಟು ಎತ್ತರಕ್ಕೆ ಹೋದಾಗ ಸೆಳೆತ ಮೀನಖಂಡಕ್ಕೆ ಇಳಿಯುತ್ತದೆ ಎಂದು ನೋಡುತ್ತೇನೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಕಡಿಮೆಯಿದ್ದರೆ ಸೊಂಟದ ಐದನೇ ನರವಾದ ಎಲ್5ರ ಮೇಲೆ, ಒಂಟಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನ ಎಸ್1 ನರದ ಮೇಲೆ ಒತ್ತಡವಿರುವ ಸಾಧ್ಯತೆ ಹೆಚ್ಚು. ಮೂತ್ರ ಕಟ್ಟಿಕೊಂಡಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಪಾದ ಜೋತುಬೀಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸುತ್ತೇನೆ. ಮೂಳೆ ಟೊಳ್ಳಾದವರಿಗೆ, ಬೆನ್ನುಮೂಳೆಯಲ್ಲಿ ಸೋಂಕು ಅಥವಾ ಗಡ್ಡೆ ಇರುವವರಿಗೆ, ಗರ್ಭಿಣಿಯರಿಗೆ ಟ್ರ್ಯಾಕ್ಷನ್ ಮಾತೇ ಇಲ್ಲ.

ಸಿಮೆಂಟ್ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡ ಗಾರೆ ಕೆಲಸದವರೊಬ್ಬರಿಗೆ, ಕೆಮ್ಮಿದರೂ ಪಾದದವರೆಗೆ ಮಿಂಚು ಹೊಡೆದಂತಾಗುತ್ತಿತ್ತು. ಮಂಡಿಗಳನ್ನು ಸ್ಟೂಲಿನ ಮೇಲಿಟ್ಟು ಮಲಗಿದಾಗ ಮಾತ್ರ ಹಾಯೆನಿಸುತ್ತಿತ್ತು. ಆದ್ದರಿಂದ ಅದೇ ಭಂಗಿಯಲ್ಲಿ ಒಂದು ಬೆಲ್ಟನ್ನು ಪಕ್ಕೆಲುಬುಗಳ ಕೆಳಭಾಗಕ್ಕೆ, ಇನ್ನೊಂದನ್ನು ಸೊಂಟದ ಮೂಳೆಯ ಅಂಚಿನ ಮೇಲೆ ಬಿಗಿದೆ. ಬೆಲ್ಟಿನಡಿ ಜಾರುವ ಬಟ್ಟೆಯಿದ್ದರೆ ಎಳೆತವೆಲ್ಲ ಬಟ್ಟೆಯಲ್ಲೇ ಮುಗಿಯುತ್ತದೆ. ದೇಹದ ತೂಕದ ಕಾಲುಭಾಗಕ್ಕಿಂತ ಕಡಿಮೆ ಎಳೆದರೆ ಆ ಬಲ ಹಾಸಿಗೆಯ ಘರ್ಷಣೆಗೇ ಸರಿಹೋಗುತ್ತದೆ. 60 ಕಿಲೊ ಇದ್ದ ಅವರಿಗೆ 15 ಕಿಲೊಗಿಂತ ತುಸು ಹೆಚ್ಚಿಗೆ ಇಟ್ಟು, ಕಾಲು ಗಂಟೆ ಬಿಟ್ಟುಬಿಟ್ಟು ಎಳೆಯುವಂತೆ ಮಾಡಿದೆ. ಬಲವನ್ನು ನಿಧಾನವಾಗಿ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಮಲಗಿಸಿ, ಮಗ್ಗುಲಾಗಿ ಏಳಿಸುವುದು ಎಳೆಯುವಷ್ಟೇ ಮುಖ್ಯ.

ಕೆಲವು ದಿನಗಳ ನಂತರ ಅವರು, ‘ಸರ್, ಕಾಲಿನ ಜೋಮು ಹೋಯ್ತು, ಆದ್ರೆ ಸೊಂಟ ಜಾಸ್ತಿ ನೋಯ್ತಿದೆ’ ಎಂದು ಗಾಬರಿಯಿಂದ ಹೇಳಿದರು. ನನಗೆ ಸಮಾಧಾನವಾಯಿತು. ನೋವು ಪಾದದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುವುದು ಒಳ್ಳೆಯ ಸೂಚನೆ. ಅಂದಿನಿಂದಲೇ ನಡಿಗೆ ಹೆಚ್ಚಿಸಿ, ಬೋರಲು ಮಲಗಿ ಎದೆಯೆತ್ತುವ ವ್ಯಾಯಾಮವನ್ನು ಮನೆಯಲ್ಲೇ ಮಾಡಲು ಕಲಿಸಿದೆ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕೊಕ್ರೇನ್ ಸಂಸ್ಥೆಯ, 32 ಅಧ್ಯಯನಗಳನ್ನು ಪರಿಶೀಲಿಸಿದ 2013ರ ವಿಮರ್ಶೆಗೆ ಟ್ರ್ಯಾಕ್ಷನ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಅದನ್ನು ಕೊಡಬೇಡಿ ಎಂದೇ ಹೇಳಿತು. ಹೊರಚಾಚಿದ ಡಿಸ್ಕ್ ಅನೇಕರಲ್ಲಿ ತಾನಾಗಿಯೇ ಕುಗ್ಗುತ್ತದೆ ಎಂಬುದೂ ಗೊತ್ತಿರುವ ವಿಷಯ. ಇದನ್ನೆಲ್ಲ ರೋಗಿಗೆ ಮೊದಲೇ ತಿಳಿಸುತ್ತೇನೆ. ಹಾಗಿದ್ದೂ ನಾನು ಇದನ್ನು ಪೂರ್ತಿ ಕೈಬಿಟ್ಟಿಲ್ಲ. ನಿಲ್ಲಲೂ ಆಗದಷ್ಟು ಸೆಳೆತವಿರುವ ಕೆಲವರಿಗೆ ಎಳೆತದ ನಂತರ ಸಿಗುವ ಒಂದೆರಡು ಗಂಟೆಗಳ ಬಿಡುವಿನಲ್ಲಿ ನಡೆಸಲು, ವ್ಯಾಯಾಮ ಮಾಡಿಸಲು ಸಾಧ್ಯವಾಗುತ್ತದೆ. ಮೊದಲ ಕೆಲವು ಸಲದಲ್ಲೇ ಆ ಬಿಡುವು ಸಿಗದಿದ್ದರೆ ಮುಂದುವರಿಸುವುದಿಲ್ಲ. ನೋವು ಕಾಲಿನಲ್ಲಿ ಇನ್ನೂ ಕೆಳಗಿಳಿದರೆ ಅಥವಾ ಹೆಬ್ಬೆರಳಿನ ಬಲ ಕುಗ್ಗಿದರೆ ಅಂದೇ ಬೆಲ್ಟು ಬಿಚ್ಚಿ, ಬೆನ್ನುಮೂಳೆಯ ಸರ್ಜನ್‌ಗೆ ಚೀಟಿ ಬರೆದುಕೊಡುತ್ತೇನೆ.